ಬಣ್ಣ ಹಚ್ಚದ ಟಗರು

ಎನಾಮೆಲ್ ಡಬ್ಬಿಯ ಮುಚ್ಚಳವನ್ನು ಮೀಟಿ ತೆಗೆದಾಗ ಬರುವ ವಾಸನೆ ಬೇರೆಯವರಿಗೆ ತಲೆನೋವು, ನನಗೆ ಅನ್ನದ ವಾಸನೆ. ಮೂವತ್ತು ವರ್ಷ ಆ ವಾಸನೆಯಲ್ಲೇ ಕಡೂರಿನ ಅಂಗಡಿ, ಲಾಡ್ಜು, ಲಾರಿಗಳ ಮೇಲೆ ಅಕ್ಷರ ಬರೆದು ಸಂಸಾರ ತೂಗಿಸಿದವನು ನಾನು. ಆದರೆ ಕಳೆದ ವಾರ ಕೆಂಪು ಬಣ್ಣದ ಡಬ್ಬಿ ತೆರೆದಾಗ ಅನ್ನ ನೆನಪಾಗಲಿಲ್ಲ. ಹಿಂದಿನ ರಾತ್ರಿ ಭಾವ ಫೋನ್ ಮಾಡಿ, ಕುರಿಗೆ ಹಚ್ಚೋಕೆ ಸ್ವಲ್ಪ ಬಣ್ಣ ತಗೊಂಡು ಬಾ ಅಂದಿದ್ದರು. ಅಷ್ಟೇ ಮಾತು. ಆರು ವರ್ಷದಿಂದ ಅವರು ನನ್ನನ್ನು ಬಣ್ಣ ಕೇಳಿರಲಿಲ್ಲ.

ಭಾವ ಅಂದರೆ ನನ್ನ ಅಕ್ಕ ರಂಗಮ್ಮನ ಗಂಡ, ಹಾಲಪ್ಪ. ಯಗಟಿಯಿಂದ ಆಚೆಗೆ ಎರಡು ಮೈಲಿ ನಡೆದರೆ ಅವರ ಊರು. ಒಣಭೂಮಿ, ಹತ್ತಿಪ್ಪತ್ತು ತೆಂಗಿನ ಮರ, ಅರವತ್ತು ಎಪ್ಪತ್ತು ಕುರಿ. ಊರಿನ ಪಡುವಲಿಗೆ ಕರೇಕಲ್ ಕಾವಲು. ಕಾವಲು ಅಂದರೆ ಅರಸರ ಕಾಲದಲ್ಲಿ ದನ ಮೇಯಲೆಂದು ಬಿಟ್ಟ ಹುಲ್ಲಿನ ಬಯಲು. ನೋಡುವವರಿಗೆ ಅಲ್ಲಿ ಏನೂ ಇಲ್ಲ. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ತಂಗಡಿ ಗಿಡ, ಕರೀ ಬಂಡೆ. ಸಂಕ್ರಾಂತಿ ಕಳೆದ ಮೇಲೆ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಗಾಳಿ ಬೀಸಿದರೆ ಇಡೀ ಬಯಲು ಒಂದೇ ಕಡೆಗೆ ಬಾಗುತ್ತದೆ. ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತಾ ಕೂತವನಿಗೆ ಆರು ವರ್ಷದ ಹಿಂದಿನದೆಲ್ಲ ಒತ್ತರಿಸಿಕೊಂಡು ಬಂತು.

ಮೊದಲು ಬಣ್ಣದ ವಿಷಯ ಹೇಳಬೇಕು. ನಮ್ಮ ಕಡೆ ಹಿಂಡು ಹಿಂಡು ಬೆರೆತು ಹೋಗದಿರಲೆಂದು ಒಬ್ಬೊಬ್ಬರು ತಮ್ಮ ಕುರಿಗಳ ಬೆನ್ನಿಗೆ ಒಂದೊಂದು ಬಣ್ಣ ಹಚ್ಚುತ್ತಾರೆ. ಭಾವನದು ಕೆಂಪು. ನನ್ನ ಕೆಲಸದಲ್ಲಿ ಮಿಕ್ಕ ಬಣ್ಣವೆಲ್ಲ ಅವರಿಗೇ. ಪ್ರತಿ ವರ್ಷ ಸಂಕ್ರಾಂತಿ ಮುಗಿದ ವಾರ ನಾನು ಡಬ್ಬಿ, ಬ್ರಷ್ಷು ಹಿಡಿದು ಹೋಗುವುದು, ಆ ವರ್ಷದ ಮರಿಗಳಿಗೆ ಹಚ್ಚುವುದು, ಅಕ್ಕ ಮಾಡಿದ ಮುದ್ದೆ ಅವರೆಕಾಳು ಸಾರು ಉಂಡು ಬರುವುದು. ಮರಿಗಳಿಗೆಲ್ಲ ಹಚ್ಚಿ ಆದ ಮೇಲೆ ಒಂದು ಗಂಡು ಮರಿಯನ್ನು ಮಾತ್ರ ಭಾವ ಹಾಗೇ ಬಿಡುತ್ತಿದ್ದರು. ಅದು ತೋಳದ ಪಾಲು. ಅವರ ಮನೆಯಲ್ಲಿ ತಾತನ ಕಾಲದಿಂದ ನಡೆದು ಬಂದದ್ದು.

ನಾನು ಒಮ್ಮೆ ಕಿಚಾಯಿಸಿದ್ದೆ. ತೋಳ ಏನು ಇಸ್ಕೂಲಿಗೆ ಹೋಗಿದೆಯಾ ಭಾವ, ಬಣ್ಣ ನೋಡಿ ಗುರುತು ಹಿಡಿಯೋಕೆ ಅಂದಿದ್ದೆ. ಅವರು ನಗಲಿಲ್ಲ. ಅದು ಯಾವುದನ್ನ ಹಿಡಿದರೂ ಅದರ ಪಾಲು ಸಂದ ಹಾಗೆ, ಅವತ್ತೇ ಬಿಟ್ಟ ಮರಿಗೆ ಬಣ್ಣ ಹಚ್ಚಿ ನನ್ನದು ಮಾಡ್ಕೊಂತೀನಿ ಅಂದರು. ಬಹುತೇಕ ಬೇಸಗೆ ಬರುವುದರೊಳಗೆ ತೋಳ ಒಂದನ್ನು ಒಯ್ಯುತ್ತಿತ್ತು. ಅಕ್ಕ ಒಂದು ದಿನ ಶಾಪ ಹಾಕುತ್ತಿದ್ದಳು, ಭಾವ ಮಿಕ್ಕ ಬಣ್ಣ ಹುಡುಕುತ್ತಿದ್ದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಗಾದೆ ಇರುವ ನಾಡಿನಲ್ಲಿ, ಕಲ್ಲೆತ್ತದ ಮನುಷ್ಯ ಅವರು.

ಆ ವರ್ಷ ಡಿಸೆಂಬರಿನಲ್ಲಿ ನನ್ನ ಅಂಗಡಿ ಹುಡುಕಿಕೊಂಡು ವಂದನಾ ಮೇಡಂ ಬಂದರು. ತೋಳದ ಮೇಲೆ ಅಧ್ಯಯನ ಮಾಡುತ್ತಿದ್ದ ಹೆಣ್ಣುಮಗಳು. ಹರಿದ ಬೂಟು, ಬಿಸಿಲಿಗೆ ಸುಟ್ಟ ಮೂಗು, ಕೈಯಲ್ಲೊಂದು ನೋಟ್ ಪುಸ್ತಕ. ಶಿವನಿ ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ ಮಾಡಿಕೊಂಡು ಅಜ್ಜಂಪುರದಿಂದ ಯಗಟಿಯವರೆಗೆ ಇರುವ ಕಾವಲುಗಳನ್ನೆಲ್ಲ ಸುತ್ತುತ್ತಿದ್ದರು. ಕರೇಕಲ್ ಕಾವಲಿನ ಸುತ್ತಲಿನ ದಾರಿಗಳಲ್ಲಿ ನಿಲ್ಲಿಸಲು ನಾಲ್ಕು ತಗಡಿನ ಬೋರ್ಡು ಬೇಕಿತ್ತು. ಫ್ಲೆಕ್ಸ್ ಮಾಡಿಸಿ ಮೇಡಂ, ಒಂದು ಗಂಟೆಯಲ್ಲಿ ಸಿಗುತ್ತೆ ಅಂದೆ. ಫ್ಲೆಕ್ಸ್ ಬಂದ ಮೇಲೆ ನನಗೆ ಕೆಲಸವೇ ಕಡಿಮೆಯಾಗಿದ್ದರೂ ಸತ್ಯ ಹೇಳುವುದು ಚಟ. ಆ ಗಾಳಿಗೆ ಫ್ಲೆಕ್ಸ್ ಎರಡು ತಿಂಗಳು ನಿಲ್ಲಲ್ಲ, ಹರಿದ ಚೂರನ್ನ ದನ ತಿಂತಾವೆ, ಕೈಯಲ್ಲೇ ಬರೆದುಕೊಡಿ ಅಂದರು. ನನಗೆ ಆ ಹುಡುಗಿಯ ಮೇಲೆ ಆಗಲೇ ಗೌರವ ಬಂತು.

ಅವರು ಬರೆದುಕೊಟ್ಟ ಚೀಟಿ ಓದಿ ತಲೆ ತಿರುಗಿತು. ಅಳಿವಿನಂಚಿನ ಪ್ರಭೇದ, ಆವಾಸಸ್ಥಾನ, ಸಂತಾನೋತ್ಪತ್ತಿ, ಜೀವವೈವಿಧ್ಯ, ಸಂರಕ್ಷಣೆ. ಮೂವತ್ತು ವರ್ಷದಲ್ಲಿ ನಾನು ಬರೆದ ದೊಡ್ಡ ಪದ ಅಂದರೆ 'ಶುದ್ಧ ಸಸ್ಯಾಹಾರಿ'. ಒಂದೊಂದಕ್ಕೂ ಅರ್ಥ ಕೇಳಿದೆ, ಅರ್ಥ ಗೊತ್ತಿಲ್ಲದ ಅಕ್ಷರ ಸರಿಯಾಗಿ ಕೂರುವುದಿಲ್ಲ ಎಂಬುದು ನನ್ನ ನಂಬಿಕೆ. ಅವರು ಬೇಸರವಿಲ್ಲದೆ ಹೇಳಿದರು. ಅಳಿವಿನಂಚು ಅಂದರೆ ಇನ್ನೊಂದು ಹೆಜ್ಜೆ ತಪ್ಪಿದರೆ ಆ ಜೀವದ ಕುಲವೇ ಇಲ್ಲದಂತಾಗುವುದು. ಹುಲಿಗೆ ಕಾಡಿದೆ, ಕಾಯುವವರಿದ್ದಾರೆ, ತೋಳಕ್ಕೆ ಈ ಹುಲ್ಲು ಬಿಟ್ಟರೆ ಜಾಗವಿಲ್ಲ, ಹುಲ್ಲನ್ನು ಎಲ್ಲರೂ ಬೀಳು ಭೂಮಿ ಅಂದುಕೊಂಡಿದ್ದಾರೆ ಅಂದರು. ಕೈಬರಹದ ಪೇಂಟರ್‌ಗಳೂ ಅಂಚಿನಲ್ಲೇ ಇದ್ದೀವಿ ಮೇಡಂ, ನಮಗೂ ಒಂದು ಬೋರ್ಡು ಹಾಕಿಸಿ ಅಂದೆ. ಅವರು ಜೋರಾಗಿ ನಕ್ಕರು. ಆ ನಗು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾಲ್ಕು ಬೋರ್ಡನ್ನೂ ಅಕ್ಕನ ಮನೆ ಅಂಗಳದಲ್ಲೇ ಬರೆದೆ. ಸುಣ್ಣದ ದಾರ ಹೊಡೆದು ಗೆರೆ ಹಾಕುವುದು, ಅಕ್ಷರ ತುಂಬುವುದು. ಸಂಜೆ ಹಿಂಡು ಹೊಡೆದುಕೊಂಡು ಬಂದ ಭಾವ ಕಂಬಳಿ ಹೊದ್ದು ಪಕ್ಕದಲ್ಲಿ ಕೂತು, ಓದಿ ಹೇಳು ಅನ್ನುತ್ತಿದ್ದರು. ಆವಾಸಸ್ಥಾನ ಅಂದರೆ ಏನೋ ಎಂದು ಕೇಳಿದರು. ಅದು ಇರೋ ಜಾಗ ಭಾವ, ಹುಟ್ಟಿ ಬೆಳೆದು ಬದುಕೋ ಜಾಗ ಅಂದೆ.

"ಮನೆ ಅನ್ನೋಕೆ ಏನಾಗಿತ್ತು?" ಅಂದರು.

ಮೇಡಂಗೆ ಅದನ್ನು ಹೇಳಿದಾಗ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಗೆ ಬೋರ್ಡಿನ ಮೇಲೆ 'ಈ ಹುಲ್ಲುಗಾವಲು ತೋಳಗಳ ಮನೆ' ಎಂದೇ ಬರೆದೆವು, ಅದರ ಕೆಳಗೆ ಸಣ್ಣದಾಗಿ ಸಂರಕ್ಷಣೆಗೆ ಸಹಕರಿಸಿ ಅಂತ. ಆ ನಾಲ್ಕರಲ್ಲಿ ಒಂದೂ ಕಾವಲಿನ ಒಳಗೆ ಇರಲಿಲ್ಲ. ಮೇಡಂ ಅದರಲ್ಲಿ ಬಲು ಕಟ್ಟುನಿಟ್ಟು. ತೋಳ ಮರಿ ಹಾಕಿರುವ ಜಾಗ ಯಾರಾದರೂ ಹೇಳಲು ಬಂದರೂ, ನನಗೂ ಬೇಡ, ದೂರದಿಂದ ನಾನೇ ಕಂಡುಕೊಳ್ಳುತ್ತೇನೆ ಅನ್ನುತ್ತಿದ್ದರು.

ಭಾವನಿಗೆ ಆ ಜಾಗ ಗೊತ್ತಿತ್ತು. ಮರಿಗಳಿಗೆ ಬಣ್ಣ ಹಚ್ಚಿ ಮುಗಿಸಿದ ಬೆಳಗ್ಗೆ ನನ್ನನ್ನು ಕರೆದುಕೊಂಡು ಹೋದರು. ಯಾಕೆ ಕರೆದರು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಬೋರ್ಡು ಬರೆದೆನಲ್ಲ, ನಾನೂ ಒಳಗಿನವನಾದೆ ಅಂದುಕೊಂಡಿರಬೇಕು. ಇಬ್ಬನಿ ಇನ್ನೂ ಆರಿರಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಕೂರಿಸಿ ಗದ್ದ ಎತ್ತಿ ತೋರಿಸಿದರು. ನಾನು ಎಲ್ಲಿ ಎಂದು ಬೆರಳೆತ್ತಿದ್ದೇ ತಡ, ಮಣಿಕಟ್ಟು ಹಿಡಿದು ಕೆಳಗಿಳಿಸಿದರು.

"ಗುದ್ದಿಗೆ ಬೆರಳು ಮಾಡಬಾರ್ದು ಕಣೋ ನಾಗ. ಬೆರಳು ಮಾಡಿದ್ರೆ ತಾಯಿ ಬಿಟ್ಟೋಯ್ತದೆ."

ಮೂಢನಂಬಿಕೆ ಅಂದುಕೊಂಡು ಸುಮ್ಮನಾದೆ. ತಂಗಡಿ ಗಿಡಗಳ ಹಿಂದೆ ಒಂದು ಮಣ್ಣಿನ ದಿಬ್ಬ, ಅದರ ಬುಡದಲ್ಲಿ ಕೊಡ ನುಗ್ಗುವಷ್ಟು ಅಗಲದ ಗುದ್ದು, ತೋಳದ ಬಿಲ. ಬಹಳ ಹೊತ್ತಿನ ಮೇಲೆ ಅದರ ಬಾಯಲ್ಲಿ ಮಣ್ಣಿನ ಬಣ್ಣದ ಒಂದು ಮರಿ ಕಂಡಿತು. ಆಮೇಲೆ ಇನ್ನೊಂದು. ಐದು ಮರಿ. ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು. ದೂರದ ಹುಲ್ಲಿನಲ್ಲಿ ತಾಯಿ ಕೂತಿತ್ತು, ಬಡಕಲು, ಉದ್ದ ಕಾಲು, ಹುಲ್ಲಿನದೇ ಬಣ್ಣ. ಅದು ನಮ್ಮನ್ನು ನೋಡಿತ್ತು. ಭಾವನನ್ನು ಅದಕ್ಕೆ ಗುರುತಿತ್ತು ಎಂದೇ ನನ್ನ ನಂಬಿಕೆ. ಎದ್ದು ಹೋಗಲಿಲ್ಲ.

ಅದಾದ ವಾರಕ್ಕೆ ಭಾವ ಹಿಂಡನ್ನು ಅಮೃತಾಪುರದ ಕಡೆಗೆ ಹೊಡೆದುಕೊಂಡು ಹೋದರು. ಅಲ್ಲಿ ಗದ್ದೆ ಕೊಯ್ಲಾದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ, ಮೂರು ವಾರದ ಕೆಲಸ. ಹೋಗುವ ಮುಂಚೆ ಅಕ್ಕನಿಗೆ ಹೇಳಿದ್ದರಂತೆ, ಆ ದಿಬ್ಬದ ಕಡೆ ಸೌದೆಗೆ ಹೋಗಬೇಡ ಎಂದು.

ಅವರು ಹೋದ ಮೂರನೆಯ ದಿನ ನಾನು ಕೊನೆಯ ಬೋರ್ಡು ನೆಡಲು ಹೋದಾಗ ಕಾವಲಿನ ಒಳಗೆ ಜೆಸಿಬಿ ನಿಂತಿತ್ತು. ಯಾರದೋ ರಸ್ತೆ ಕೆಲಸಕ್ಕೆ ಗ್ರಾವೆಲ್ ತೋಡುತ್ತಿದ್ದರು. ಗುಂಡಿಯಿಂದ ದಿಬ್ಬಕ್ಕೆ ಒಂದು ಕೂಗಳತೆಯೂ ಇರಲಿಲ್ಲ. ಡ್ರೈವರ್‌ನನ್ನು ಕೇಳಿದರೆ, ನಾಳೆ ಆ ದಿಬ್ಬದ ಕಡೆಯಿಂದ ತೋಡ್ತೀವಿ, ಮಣ್ಣು ಚೆನ್ನಾಗೈತೆ ಅಂದ. ಮೇಡಂಗೆ ಫೋನ್ ಮಾಡಿದೆ, ಸಿಗ್ನಲ್ ಇಲ್ಲದ ಯಾವುದೋ ಕಾವಲಿನಲ್ಲಿದ್ದರು. ಭಾವನ ಫೋನು ಯಾವಾಗಲೂ ಮನೆಯಲ್ಲೇ. ಸಂಜೆಯವರೆಗೆ ಕಾಯಬಹುದಿತ್ತು. ಡ್ರೈವರ್‌ನ ಕೈಕಾಲು ಹಿಡಿಯಬಹುದಿತ್ತು. ದಿಬ್ಬದ ಮುಂದೆ ನಾನೇ ಹೋಗಿ ಕೂರಬಹುದಿತ್ತು. ಬೋರ್ಡು ಬರೆಯುವವನಿಗೆ ಬೋರ್ಡೇ ತೋಚಿತು.

ಅಕ್ಕನ ಮನೆಯಲ್ಲಿ ಮಿಕ್ಕ ಒಂದು ತಗಡಿತ್ತು. ಬಿಳಿ ಬಣ್ಣ ಆಗಲೇ ಬಳಿದಿದ್ದೆ. ಅದರ ಮೇಲೆ ದಪ್ಪ ಕೆಂಪಕ್ಷರದಲ್ಲಿ ಬರೆದೆ: 'ಎಚ್ಚರಿಕೆ. ಇಲ್ಲಿ ಅಳಿವಿನಂಚಿನ ತೋಳ ಮರಿ ಹಾಕಿದೆ. ಯಾರೂ ಮುಟ್ಟಬೇಡಿ.' ಬರೆದ ಮೇಲೆ ಕೆಳಗೆ ಜಾಗ ಖಾಲಿ ಉಳಿಯಿತು. ಅಲ್ಲಿ ಕೈ ಬರೆದೆ.

ಈ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಲಾಡ್ಜಿಗೆ, ಎಕ್ಸ್‌ರೇ ಅಂಗಡಿಗೆ, ಮೆಸ್ಸಿಗೆ ದಾರಿ ತೋರಿಸುವ ಬೋರ್ಡುಗಳಲ್ಲಿ ಹಿಂದೆಲ್ಲ ಬಾಣದ ಗುರುತಿನ ಬದಲು ಒಂದು ಕೈ ಬರೆಯುತ್ತಿದ್ದೆವು, ತೋರುಬೆರಳು ನೀಟಾಗಿ ಚಾಚಿದ ಕೈ. ಕಡೂರು ತರೀಕೆರೆ ಎರಡೂ ಕಡೆ ನನ್ನ ಕೈಯಂಥ ಕೈ ಬರೆಯುವವರು ಇರಲಿಲ್ಲ. ಅಂಗಿಯ ತೋಳಿನ ಪಟ್ಟಿ, ಅದಕ್ಕೆರಡು ಗುಂಡಿ, ಬೆರಳಿನ ಗೆಣ್ಣು, ಉಗುರಿನ ಮೇಲೆ ಬಿಳಿಯ ಒಂದು ಹೊಳಪು. ಅಂದು ಅವಸರದಲ್ಲೂ ಉಗುರಿನ ಹೊಳಪು ಬಿಡಲಿಲ್ಲ. ಹಸಿ ಬಣ್ಣದ ಬೋರ್ಡನ್ನು ತಲೆ ಮೇಲೆ ಹೊತ್ತುಕೊಂಡು ಹೋಗಿ ಗ್ರಾವೆಲ್ ದಾರಿಯ ಪಕ್ಕದಲ್ಲಿ ನೆಟ್ಟೆ. ಬೆರಳು ನೇರ ದಿಬ್ಬಕ್ಕೆ.

ಜೆಸಿಬಿಯವರು ಮಾರನೆಯ ದಿನ ನಿಜವಾಗಿಯೂ ಬೇರೆ ಕಡೆಗೆ ಹೋದರು. ನಾನು ಗೆದ್ದೆ ಅಂದುಕೊಂಡೆ. ಒಂದು ವಾರ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆ ಅಳಿವಿನಂಚು, ಸಂರಕ್ಷಣೆ ಎಂದು ಭಾಷಣ ಬಿಗಿದೆ. ಎಂಟನೆಯ ದಿನ ನನ್ನ ಮೊಬೈಲಿಗೆ ಒಂದು ಫೋಟೋ ಬಂತು, ನನ್ನದೇ ಬೋರ್ಡು. ಯಾರೋ ಡ್ರೈವರ್ ತೆಗೆದದ್ದು ಗುಂಪಿನಿಂದ ಗುಂಪಿಗೆ ಹಾರಿ ಕಡೂರಿಗೆ ಬಂದಿತ್ತು. ಕೈ ತುಂಬಾ ಚೆನ್ನಾಗಿ ಬಂದಿತ್ತು. ಅದನ್ನು ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಬೇರೆಲ್ಲ ತಪ್ಪಿಗೂ ಏನಾದರೂ ನೆಪ ಹೇಳಿಕೊಳ್ಳಬಹುದು. ಇದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ, ಬರೀ ಜಂಬ.

ಆ ಭಾನುವಾರ ಬೈಕುಗಳು ಹೋದವಂತೆ. ಮರುದಿನ ಇನ್ನಷ್ಟು. ಹೋದವರು ಕೆಟ್ಟವರೇನಲ್ಲ. ಮುಟ್ಟಬೇಡಿ ಎಂದು ಬರೆದಿದ್ದನ್ನು ಓದಿ, ಮುಟ್ಟದೆ ನೋಡಿ ಬರೋಣ ಅಂದುಕೊಂಡು ಹೋದವರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರು. ಪಾಪ ಹಸಿದಿರುತ್ತವೆ ಎಂದು ಬಿಸ್ಕತ್ತು ಹಾಕಿದರು. ಮೊಬೈಲ್ ಟಾರ್ಚ್ ಹಾಕಿ ಗುದ್ದಿನೊಳಗೆ ಇಣುಕಿದರು. ಯಾರೋ ಒಂದು ಮರಿಯನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಮತ್ತೆ ಅಲ್ಲೇ ಬಿಟ್ಟರಂತೆ. ಅಕ್ಕ ಇದೆಲ್ಲವನ್ನೂ ಮನೆಯ ಮುಂದೆ ಹೋಗುವ ಬೈಕುಗಳಿಂದ ತಿಳಿದು ನನಗೆ ಫೋನ್ ಮಾಡಿದಳು. ನಿನ್ನ ಬೋರ್ಡು ನೋಡೋಕೆ ಜಾತ್ರೆ ಸೇರೈತೆ ಕಣೋ, ನಿಮ್ಮ ಭಾವ ಬಂದರೆ ಏನು ಹೇಳ್ಲಿ ಅಂದಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹೊರಟೆ.

ನಾನು ಹೋಗುವಷ್ಟರಲ್ಲಿ ಭಾವ ಬಂದುಬಿಟ್ಟಿದ್ದರು. ಅಮೃತಾಪುರದವರೆಗೂ ಸುದ್ದಿ ಹೋಗಿತ್ತು, ಹಿಂಡನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದ್ದರು. ಊರಿಗೆ ಬರುವ ಟಾರು ರಸ್ತೆಯ ಅಂಚಿನಲ್ಲಿ ಒಬ್ಬರೇ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಮುಂದೆ ಒಂದು ಮರಿ. ಅದರ ಮೇಲೆ ಯಾವುದೋ ಗಾಡಿ ಹಾದುಹೋಗಿತ್ತು. ಗಾಬರಿಯಾದ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ರಸ್ತೆ ದಾಟಿಸಿ ಬೇರೆ ಕಡೆಗೆ ಒಯ್ಯುತ್ತಿತ್ತು. ಈ ಮರಿಯನ್ನು ಒಯ್ಯುವಾಗ ಗಾಡಿ ಬಂತು, ತಾಯಿ ಪಕ್ಕಕ್ಕೆ ಹಾರಿತು, ಮರಿ ಬಿದ್ದಿತು. ಕಂಡವರು ಹಾಗೆ ಹೇಳಿದರು.

ಇಬ್ಬರೂ ಕಾವಲಿಗೆ ನಡೆದೆವು. ಗುದ್ದಿನ ಬಾಯಲ್ಲಿ ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ, ತುಳಿದು ತುಳಿದು ನೆಲಕ್ಕೆ ಅಂಟಿದ ಹುಲ್ಲು. ಒಳಗೆ ಕೈ ಹಾಕಿ ಭಾವ ಇನ್ನೊಂದು ಮರಿಯನ್ನು ಹೊರಗೆ ತೆಗೆದರು. ಅದೂ ತಣ್ಣಗಾಗಿತ್ತು. ಮೈಮೇಲೆ ಗಾಯವಿರಲಿಲ್ಲ. ಹಸಿವೋ, ಭಯವೋ ಗೊತ್ತಿಲ್ಲ. ಮಿಕ್ಕ ಮೂರರ ಗತಿ ಇವತ್ತಿಗೂ ತಿಳಿಯದು. ಭಾವ ಎರಡನ್ನೂ ತಮ್ಮ ಟವೆಲ್ಲಿನಲ್ಲಿ ಸುತ್ತಿ ಆ ದಿಬ್ಬದಲ್ಲೇ ಹೂತರು. ನಾನು ಮಣ್ಣು ಎಳೆಯಲು ಬಗ್ಗಿದೆ. ಅವರು ಬೇಡ ಎನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಎದ್ದು ನಿಂತ ಮೇಲೆ ಗದ್ದ ಎತ್ತಿ ಬೋರ್ಡನ್ನು ತೋರಿಸಿದರು. ಸಂಜೆ ಬಿಸಿಲಿಗೆ ಆ ಉಗುರು ಹೊಳೆಯುತ್ತಿತ್ತು.

"ಬೆರಳು ಮಾಡಬೇಡ ಅಂದಿದ್ದೆ," ಅಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಹೊಡೆದಿದ್ದರೂ ಹಗುರಾಗುತ್ತಿತ್ತು. ಜೆಸಿಬಿ ಬಂದಿತ್ತು ಭಾವ, ಕಾಪಾಡೋಕೆ ಹೋಗಿ ಹೀಗಾಯ್ತು ಎಂದು ಏನೇನೋ ತೊದಲಿದೆ. ಗೊತ್ತು ಕಣೋ ಅಂದರು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಮಾತಾಡಿರಲೂ ಇಲ್ಲ, ಬರೆದು ನೆಟ್ಟಿದ್ದೆ.

ವಂದನಾ ಮೇಡಂ ಬಂದಾಗ ನಾನೇ ಒಪ್ಪಿಕೊಂಡೆ. ಅವರು ಒಬ್ಬರೇ ದಿಬ್ಬದ ಹತ್ತಿರ ಹೋದರು. ತಿರುಗಿ ಬಂದು, ನಿಮಗೆ ಸಂರಕ್ಷಣೆ ಅಂದರೆ ಏನು ಅಂತ ಹೇಳಿಕೊಟ್ಟೆ, ಕಾಣದ ಹಾಗೆ ಇರುವುದೂ ಸಂರಕ್ಷಣೆ ಅಂತ ಹೇಳಿಕೊಡಲಿಲ್ಲ, ತಪ್ಪು ನನ್ನದೂ ಇದೆ ಅಂದರು. ಇಲ್ಲದ ತಪ್ಪನ್ನು ಹಂಚಿಕೊಳ್ಳಲು ಬಂದರು ಆ ತಾಯಿ. ಅವರ ಕಣ್ಣು ಕೆಂಪಾಗಿತ್ತು. ಆ ಬೇಸಗೆಗೆ ಅವರ ಕೆಲಸ ಮುಗಿದು ಬೇರೆಲ್ಲಿಗೋ ಹೋದರು.

ಒಂದು ಹತ್ತು ದಿನ ಮುಸ್ಸಂಜೆಗೆ ಕಾವಲಿನಿಂದ ಕೂಗು ಕೇಳುತ್ತಿತ್ತಂತೆ. ಒಂದೇ ಕೂಗು, ಜೊತೆಗೆ ದನಿಗೂಡುವ ಇನ್ನೊಂದಿಲ್ಲ. ಅಕ್ಕ ಅಡುಗೆಮನೆಯಲ್ಲೇ ಕೂತು ಅಳುತ್ತಿದ್ದಳಂತೆ, ಕುರಿಮರಿ ಹೋದಾಗೆಲ್ಲ ಶಾಪ ಹಾಕುತ್ತಿದ್ದವಳು. ಆಮೇಲೆ ಅದೂ ನಿಂತಿತು. ನಾನು ಬೋರ್ಡು ಕಿತ್ತು ತಂದು ಬಣ್ಣ ಕೆರೆದು ಅಂಗಡಿಯ ಹಿಂದೆ ಎಸೆದೆ. ಅಂದಿನಿಂದ ಕೈ ಬರೆಯುವುದು ಬಿಟ್ಟೆ. ಯಾರಾದರೂ ಕೇಳಿದರೆ ಬಾಣ ಹಾಕಿಕೊಡುತ್ತೇನೆ.

ಹಬ್ಬ ಹುಣ್ಣಿಮೆಗೆ ಹೋಗುತ್ತಿದ್ದೆ, ಉಣ್ಣುತ್ತಿದ್ದೆ. ಭಾವ ಮಳೆ, ರಾಗಿ ಎಂದು ಮಾತಾಡುತ್ತಿದ್ದರು. ಬಣ್ಣ ಮಾತ್ರ ಯಗಟಿಯ ಅಂಗಡಿಯಲ್ಲಿ ಕೊಂಡು ತಾವೇ ಹಚ್ಚಿಕೊಳ್ಳುತ್ತಿದ್ದರು.

ಹಾಗಾಗಿಯೇ ಕಳೆದ ವಾರದ ಆ ಫೋನಿಗೆ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಕ್ಷಮಿಸಿದರು ಅಂದುಕೊಂಡು ಹೊಸ ಡಬ್ಬಿ, ಹೊಸ ಬ್ರಷ್ಷು ಹಿಡಿದು ಹೋದೆ. ಈ ವರ್ಷದ ಮರಿಗಳಿಗೆ ಆಗಲೇ ಬಣ್ಣ ಹಚ್ಚಿ ಆಗಿತ್ತು. ದೊಡ್ಡಿಯಲ್ಲಿ ಬೇರೆಯಾಗಿ ಕಟ್ಟಿದ್ದ ಟಗರುಗಳನ್ನು ನೋಡಿದೆ. ಆರು. ದೊಡ್ಡದರ ಕೊಂಬು ಎರಡು ಸುತ್ತು ಸುತ್ತಿತ್ತು, ಚಿಕ್ಕದು ಹೋದ ವರ್ಷದ್ದು. ಒಂದರ ಬೆನ್ನ ಮೇಲೂ ಬಣ್ಣವಿಲ್ಲ. ಮಾರಲ್ಲ, ಕಡಿಯಲ್ಲ, ಒಂದಕ್ಕೊಂದು ಗುದ್ದಾಡಿ ಬೇಲಿ ಮುರೀತಾವೆ, ನೀನಾದರೂ ಹೇಳೋ ಎಂದು ಅಕ್ಕ ಗೊಣಗಿದಳು. ಆರು ವರ್ಷದ ಪಾಲು, ಒಯ್ಯುವವರಿಲ್ಲದೆ ನಿಂತಿತ್ತು.

ಭಾವನಿಗೆ ಈಗ ಮಂಡಿ ನೋವು, ಹಿಂಡನ್ನು ಅರ್ಧಕ್ಕಿಳಿಸಿದ್ದಾರೆ. ದೊಡ್ಡ ಟಗರಿನ ಕೊಂಬು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು.

"ಹಚ್ಚು. ಆರಕ್ಕೂ ಹಚ್ಚಿಬಿಡು."

ನಾನು ಬ್ರಷ್ಷನ್ನು ಡಬ್ಬಿಯ ಪಕ್ಕಕ್ಕಿಟ್ಟೆ. ಈ ಟಗರು ಆ ವರ್ಷ ಬಿಟ್ಟ ಮರಿ. ಇದರ ಬದಲಿಗೆ ಒಂದನ್ನು ಒಯ್ಯಬೇಕಾಗಿದ್ದ ತಾಯಿ ತೋಳವನ್ನು ನಾನು ಕಣ್ಣಾರೆ ಕಂಡಿದ್ದೆ. ಕೊನೆಯದೊಂದನ್ನಾದರೂ ಬಿಡೋಣ ಭಾವ, ನಿಮ್ಮ ತಾತನ ಕಾಲದ್ದಲ್ವಾ ಎಂದು ಬೇಡಿಕೊಂಡೆ. ಮತ್ತೆ ಯಾವತ್ತಾದರೂ ಬರಬಹುದು ಅಂದೆ.

ಅವರು ಕೊಂಬಿನಿಂದ ಒಂದು ಕೈ ಬಿಡಿಸಿಕೊಂಡರು. ಆ ಕೈಯನ್ನು ಮೆಲ್ಲಗೆ ಎತ್ತಿ, ಬೇಲಿಯ ಆಚೆಗೆ, ಒಣಹುಲ್ಲಿನ ಆಚೆಗೆ, ತಂಗಡಿ ಗಿಡಗಳ ಹಿಂದಿನ ದಿಬ್ಬಕ್ಕೆ ನೇರ ಬೆರಳು ಮಾಡಿ ತೋರಿಸಿದರು. ಹುಟ್ಟಿದಾಗಿನಿಂದ ಆ ಕಡೆಗೆ ಬೆರಳೆತ್ತದ ಮನುಷ್ಯ.

"ನೋಡು. ಯಾರಿಗೆ ಅಂತ ಬಿಡ್ಲಿ?"

ಬೆರಳು ಕೆಳಗಿಳಿಯಲಿಲ್ಲ. ಮಣಿಕಟ್ಟು ಹಿಡಿದು ಇಳಿಸಬೇಕೆನಿಸಿತು, ಧೈರ್ಯ ಬರಲಿಲ್ಲ. ನಾನು ಬ್ರಷ್ಷು ಅದ್ದಿದೆ.